ಕೆಸರಲ್ಲೇ ನೇರ ಬನ್ನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಿಕ್‌ರೀಡ್ ಕಾಡಿನ ಕಾಲುದಾರಿಯಲ್ಲಿ ರೋಸ್ಲಿನ್ ಟಕರ್ ಬಗ್ಗಿ ನಿಂತು ಸಲಿಕೆಯಿಂದ ಹೊಂಡದ ನೀರು ಬಿಡಿಸುತ್ತಿದ್ದಾರೆ. ರಾತ್ರಿಯೆಲ್ಲ ಮಳೆ ಸುರಿದಿದೆ. ದಾರಿಯ ಅಂಚಿನಲ್ಲಿ ಸಣ್ಣ ಕಾಲುವೆ ತೋಡುತ್ತಾರೆ, ನೀರು ಹರಿದು ಹೋಗುವುದನ್ನು ನೋಡುತ್ತಾರೆ, ಮುಂದಿನ ಹೊಂಡಕ್ಕೆ ನಡೆಯುತ್ತಾರೆ. ಓಕ್ ಮರದಲ್ಲಿ ರಾಬಿನ್ ಹಕ್ಕಿ ಒಂದೇ ಸಮನೆ ಹಾಡುತ್ತಿದೆ. "ಅದಕ್ಕೇನು, ಗಂಟಲು ಒಂದಿದ್ರೆ ಆಯ್ತು. ಸೊಂಟ ನೋಯೋದು ನಂದು," ಎಂದು ಗೊಣಗುತ್ತಾರೆ.

ದಾರಿಯ ಎರಡೂ ಕಡೆ ಬ್ಲೂಬೆಲ್ ಹೂವು ಅರಳಿದೆ. ಮರಗಳ ಬುಡದಲ್ಲಿ ಕಣ್ಣು ಹಾಯುವಷ್ಟು ದೂರವೂ ನೀಲಿ. ಏಪ್ರಿಲ್ ಕೊನೆಯ ಭಾನುವಾರ ಇದನ್ನು ನೋಡಲು ಅರ್ಧ ಜಿಲ್ಲೆಯೇ ಇಲ್ಲಿಗೆ ಬರುತ್ತದೆ. ಬಂದವರು ಹೂವನ್ನು ಹೊಗಳುತ್ತಾರೆ, ಬಿಸಿಲನ್ನು ಹೊಗಳುತ್ತಾರೆ, ಪಕ್ಕದವರ ನಾಯಿಯನ್ನೂ ಹೊಗಳುತ್ತಾರೆ. ಸಲಿಕೆ ಹಿಡಿದ ಹೆಂಗಸು ಯಾರು ಎಂದು ಕೇಳುವ ಪುಣ್ಯಾತ್ಮ ಒಬ್ಬನೂ ಇಲ್ಲ. ಪಕ್ಕದ ಹಳ್ಳಿಯಲ್ಲೇ ಇಷ್ಟು ವರ್ಷದಿಂದ ಬದುಕುತ್ತ, ಇವತ್ತು ಪತ್ರಿಕೆಗೆ ಬರೆಯಲೆಂದು ಅವರ ಜೊತೆ ಬಂದಿರುವ ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ರೋಸ್ಲಿನ್‌ಗೆ ಮಾತ್ರ ಏನೂ ಅನ್ನಿಸುವುದಿಲ್ಲ.

ಬಂದವರು ಹೂವಿನ ಮೇಲೆ ಕಾಲಿಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಹಾಗಂತ ಎಲ್ಲೂ ಬೋರ್ಡು ನೆಟ್ಟಿಲ್ಲ, ಯಾರ ಮೇಲೂ ಕೂಗಾಡಿದ್ದಿಲ್ಲ.

"ಜನ ಕೆಟ್ಟೋರಲ್ಲ ಕಣ್ರೀ. ಬೂಟಿನ ಮೇಲೆ ಆಸೆ, ಅಷ್ಟೆ," ಎನ್ನುತ್ತಾರೆ. "ಹೊಂಡ ಕಂಡ್ರೆ ಒಂದು ಹೆಜ್ಜೆ ಪಕ್ಕಕ್ಕಿಡ್ತಾರೆ. ಹಿಂದೆ ಬಂದೋರು ಇನ್ನೊಂದು ಹೆಜ್ಜೆ ಆಚೆ. ಸಾಯಂಕಾಲದ ಹೊತ್ತಿಗೆ ದಾರಿ ಅಗಲ ಆಗಿರುತ್ತೆ, ಅಲ್ಲಿದ್ದ ಹೂವು ಹೋಗಿರುತ್ತೆ. ಎಲೆ ಜಜ್ಜಿ ಹೋದ್ರೆ ಗೆಡ್ಡೆಗೆ ಊಟ ಎಲ್ಲಿಂದ ಬರ್ಬೇಕು? ಮತ್ತೆ ಏಳೋಕೆ ಎಷ್ಟೋ ವರ್ಷ ಬೇಕು."

ಆದ್ದರಿಂದ ಹೊಂಡವೇ ಇರಬಾರದು. ಇದ್ದರೆ ಪಕ್ಕಕ್ಕೆ ಹೋಗುವ ಮನಸ್ಸೇ ಬರಬಾರದು. ಅಡ್ಡದಾರಿ ಹಿಡಿಯುವ ಕಡೆಯಲ್ಲೆಲ್ಲ ಅವರು ಮುಳ್ಳಿನ ಟೊಂಗೆಯೊಂದನ್ನು ಗಾಳಿಗೆ ಬಿದ್ದ ಹಾಗೆ ಮಲಗಿಸಿಡುತ್ತಾರೆ. ಮುಳ್ಳು ಕಂಡು ಎಲ್ಲರೂ ದಾರಿಯಲ್ಲೇ ಮುಂದೆ ಹೋಗುತ್ತಾರೆ. ಇಟ್ಟ ಕೈ ಯಾರದೆಂದು ಯಾರಿಗೂ ಹೊಳೆಯುವುದಿಲ್ಲ.

ಮೊದಲು ಅವರು ಶಾಲೆಯ ಅಡುಗೆಮನೆಯಲ್ಲಿದ್ದರು. ಈ ಸೀಮೆಯ ಅರ್ಧದಷ್ಟು ಜನ ಅವರ ಸೌಟಿನಿಂದಲೇ ಕಸ್ಟರ್ಡ್ ತಿಂದು ಬೆಳೆದವರು. ಗಂಡ ತೀರಿಕೊಂಡರು, ಶಾಲೆಯ ಕೆಲಸವೂ ಮುಗಿಯಿತು. ಆಗ ಕಾಡಿನ ಸಮಿತಿ ಈ ಕೆಲಸ ಕೊಟ್ಟಿತು. ಸಂಬಳ ಹೆಸರಿಗಷ್ಟೆ. "ಟೀ ಪುಡಿಗೆ ಆಗುತ್ತೆ, ಬಿಸ್ಕತ್ತಿಗೆ ಆಗಲ್ಲ" ಎಂದು ನಗುತ್ತಾರೆ.

ಆದರೆ ಈ ಭಾನುವಾರ ಅವರಿಗೆ ನಗು ಬರುತ್ತಿಲ್ಲ. ಕಾಡಿನ ನಡುವೆ ಒಂದು ತಗ್ಗು ಇದೆ. ಕಳೆದ ವರ್ಷ ಅಲ್ಲಿ ದಾರಿ ಎರಡರಷ್ಟು ಅಗಲವಾಗಿಬಿಟ್ಟಿತು. ಈ ಸಲವೂ ಹಾಗೇ ಆದರೆ ತಗ್ಗಿನ ದಾರಿಗೆ ತಂತಿಬೇಲಿ ಹಾಕಿ ಮುಚ್ಚುವುದೆಂದು ಸಮಿತಿ ನಿರ್ಧರಿಸಿದೆ. ಅಧ್ಯಕ್ಷ ಕ್ಲೈವ್ ಪೆನಿಫೋಲ್ಡ್ ಸಂಜೆ ಬಂದು ನೋಡಲಿದ್ದಾರೆ.

ಮುಚ್ಚಿದರೆ ಉಳಿದವರಿಗೆ ನಷ್ಟವಿಲ್ಲ, ಬೇರೆ ದಾರಿಗಳಿವೆ. ಆದರೆ ಅಲ್ಲೆಲ್ಲ ಬೇಲಿಗೆ ಹಾಕಿದ ಮೆಟ್ಟಿಲು ಹತ್ತಿ ಇಳಿಯಬೇಕು. ಗಾಲಿಕುರ್ಚಿ ಹೋಗುವುದು ತಗ್ಗಿನ ದಾರಿಯಲ್ಲಿ ಮಾತ್ರ. ರೋಸ್ಲಿನ್ ಅವರ ಅಕ್ಕ ಬೆರಿಲ್ ಪಾರ್ಶ್ವವಾಯು ಬಡಿದಾಗಿನಿಂದ ಪಟ್ಟಣದ ವೃದ್ಧಾಶ್ರಮದಲ್ಲಿದ್ದಾರೆ. ಗಾಲಿಕುರ್ಚಿ ಬಿಟ್ಟು ಏಳುವಂತಿಲ್ಲ. ವರ್ಷಕ್ಕೊಮ್ಮೆ ಬ್ಲೂಬೆಲ್ ನೋಡಲು ಬರುತ್ತಾರೆ. "ಚಿಕ್ಕೋಳಿದ್ದಾಗ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಇದೇ ಕಾಡೆಲ್ಲ ತೋರ್ಸಿದ್ದು ಅವಳು. ಈಗ ಬೇಲಿ ಆಚೆ ನಿಲ್ಲಿಸಿ ಟಾಟಾ ಮಾಡು ಅನ್ನಲಾ?" ಎಂದು ರೋಸ್ಲಿನ್ ಕೇಳುತ್ತಾರೆ.

ತಗ್ಗಿನ ಹೊಂಡ ಮಾತ್ರ ಯಾವ ಕಾಲುವೆಗೂ ಜಗ್ಗುವುದಿಲ್ಲ. ಎಷ್ಟು ನೀರು ಬಿಟ್ಟರೂ ಮತ್ತೆ ಒಸರುತ್ತದೆ. ಜನ ಬರುವ ಹೊತ್ತಿಗೆ ರೋಸ್ಲಿನ್ ಸಲಿಕೆಯನ್ನು ಮರಕ್ಕೊರಗಿಸಿ, ಹೊಂಡದ ಅಂಚಿನಲ್ಲಿ, ಎಲ್ಲರೂ ಪಕ್ಕಕ್ಕೆ ಕಾಲಿಡುವ ಜಾಗದಲ್ಲೇ ನಿಂತುಬಿಡುತ್ತಾರೆ. ಕಾಲಲ್ಲಿ ಗಮ್‌ಬೂಟು, ಕೈಯಲ್ಲಿ ಟೀ ಫ್ಲಾಸ್ಕು.

ಬಿಳಿ ಬೂಟು ತೊಟ್ಟ ದಪ್ಪನೆಯ ವ್ಯಕ್ತಿಯೊಬ್ಬರು ಬರುತ್ತಾರೆ. ಹೊಂಡ ನೋಡಿ ಹೂವಿನ ಕಡೆ ಕಾಲೆತ್ತುತ್ತಾರೆ.

"ಗುಡ್ ಮಾರ್ನಿಂಗ್!" ಎನ್ನುತ್ತಾರೆ ರೋಸ್ಲಿನ್.

ಎತ್ತಿದ ಕಾಲು ಹಿಂದೆ ಬರುತ್ತದೆ. "ಗುಡ್ ಮಾರ್ನಿಂಗ್. ಸಾರಿ, ತುಂಬಾ ಕೆಸರು ಇದೆ ಅಲ್ವಾ?"

"ಕೆಸರೇ. ಆದ್ರೆ ಅಡಿ ಗಟ್ಟಿ ಇದೆ. ನೇರ ಬನ್ನಿ."

"ಸಾರಿ, ಸಾರಿ," ಎನ್ನುತ್ತಲೇ ಅವರು ಬಿಳಿ ಬೂಟಿನಲ್ಲಿ ಪಚಪಚನೆ ದಾಟುತ್ತಾರೆ.

ಈ ನಾಡಿನವರಿಗೆ ಬೈದರೆ ಬಿಸಿ ಮುಟ್ಟುವುದಿಲ್ಲ. ಆದರೆ ನಮಸ್ಕಾರ ಹೇಳಿದವರ ಎದುರೇ ತಪ್ಪು ಮಾಡುವುದು ಅವರಿಂದ ಸಾಧ್ಯವೇ ಇಲ್ಲ. ಬೆಳಗಿನಿಂದ ರೋಸ್ಲಿನ್ ಇದೊಂದೇ ಮಾತಿನ ಬಲದಲ್ಲಿ ಇಡೀ ಜಾತ್ರೆಯನ್ನು ಕೆಸರಿಗಿಳಿಸುತ್ತಿದ್ದಾರೆ. ಮಧ್ಯಾಹ್ನ ಕಳೆದ ಮೇಲೂ ಗುಡ್ ಮಾರ್ನಿಂಗೇ!

ಮೂರರ ಸುಮಾರಿಗೆ ಆಶ್ರಮದ ವ್ಯಾನು ಬೆರಿಲ್‌ರನ್ನು ಗೇಟಿನಲ್ಲಿ ಇಳಿಸುತ್ತದೆ. ಹೊಂಡದ ಅಂಚಿನಲ್ಲಿ ನನ್ನನ್ನು ನಿಲ್ಲಿಸಿ ಹೋದ ರೋಸ್ಲಿನ್ ಕುರ್ಚಿ ತಳ್ಳಿಕೊಂಡು ಬರುತ್ತಾರೆ. ಬೆರಿಲ್ ಇಂದಿಗೆಂದೇ ಹೊಸ ಚಪ್ಪಲಿ ಹಾಕಿದ್ದಾರೆ. ಹೊಂಡ ಕಂಡದ್ದೇ ತಂಗಿಯ ಕೈ ಹಿಡಿದು ನಿಲ್ಲಿಸುತ್ತಾರೆ.

"ಲೇ ರೋಸ್, ಇದ್ರಲ್ಲಿ ಮುಳುಗಿಸ್ತೀಯೇನೇ? ಸ್ವಲ್ಪ ಆ ಕಡೆಯಿಂದ ತಳ್ಳು."

"ಆಗಲ್ಲ ಕಣೇ ಅಕ್ಕ."

"ಒಂದೇ ಸಲ ಕಣೇ. ನಾನು ಕೈಲಾಗದೋಳು, ಯಾರೂ ಏನೂ ಅನ್ನಲ್ಲ."

ರೋಸ್ಲಿನ್ ಹಿಂತಿರುಗಿ ನೋಡುತ್ತಾರೆ. ಹಿಂದೆ ಉದ್ದಕ್ಕೂ ಜನ ಸಾಲಾಗಿ ನಿಂತಿದ್ದಾರೆ. ಕುರ್ಚಿಯ ಗಾಲಿ ಹೂವಿನ ಮೇಲೆ ಹೋದರೆ ಹಿಂದಿನವರೆಲ್ಲ ಅದೇ ಜಾಡಿನಲ್ಲಿ ಬರುತ್ತಾರೆ. ಆಮೇಲೆ ತಂತಿಬೇಲಿಯೇ ಗತಿ.

"ಅನ್ನಲ್ಲ, ನಿಜ. ಅದಕ್ಕೇ ಆಗಲ್ಲ ಅಂದಿದ್ದು. ಗಟ್ಟಿಯಾಗಿ ಹಿಡ್ಕೋ," ಎಂದು ಕುರ್ಚಿಯನ್ನು ನೇರ ಕೆಸರಿಗೇ ನೂಕುತ್ತಾರೆ.

ನಡುವೆ ಗಾಲಿ ಹೂತು ನಿಲ್ಲುತ್ತದೆ. ರೋಸ್ಲಿನ್ ಮುಖ ಕೆಂಪಾಗಿದೆ, ಕುರ್ಚಿ ಅಲುಗುತ್ತಿಲ್ಲ. ಅಷ್ಟರಲ್ಲಿ ಬೆಳಗಿನ ಬಿಳಿ ಬೂಟಿನವರು ಎದುರಿನಿಂದ ವಾಪಸು ಬರುತ್ತಿರುವುದು ಕಾಣುತ್ತದೆ. ಬೂಟು ಈಗ ಬಿಳಿಯಾಗಿ ಉಳಿದಿಲ್ಲ. "ಸಾರಿ, ನಾನೊಂದು ಕೈ ಹಾಕ್ಲಾ?" ಎಂದವರೇ ಹೊಂಡಕ್ಕಿಳಿಯುತ್ತಾರೆ. ಹಿಂದಿದ್ದವರಲ್ಲಿ ಮೂವರು ಸಾರಿ ಸಾರಿ ಎನ್ನುತ್ತ ಇಳಿಯುತ್ತಾರೆ. ನಾನೂ ಇಳಿದೆ, ತಣ್ಣನೆಯ ನೀರು ಸಾಕ್ಸಿಗೆ ನುಗ್ಗಿತು. ಕುರ್ಚಿಯನ್ನು ಎತ್ತಿ ಆಚೆ ಇಟ್ಟೆವು. ಹೂವಿನ ಕಡೆ ಯಾರೂ ಕಾಲಿಡಲಿಲ್ಲ.

ಬೆರಿಲ್‌ರ ಲಂಗಕ್ಕೆಲ್ಲ ಕೆಸರು. ಹೊಸ ಚಪ್ಪಲಿಯ ಕಥೆ ಮುಗಿದಿದೆ. ಅವರು ಜೋರಾಗಿ ನಗುತ್ತಿದ್ದಾರೆ. ಕಾಯಿಲೆಯಿಂದ ಅವರ ಬಾಯಿ ಒಂದು ಕಡೆಗೆ ವಾಲಿದೆ. ಆದರೂ ಅಷ್ಟು ತುಂಬಿದ ನಗುವನ್ನು ನಾನು ಇತ್ತೀಚೆಗೆ ಕಂಡಿಲ್ಲ. ಸುತ್ತಲ ನೀಲಿಯನ್ನು ನೋಡುತ್ತ ಅಕ್ಕತಂಗಿಯರು ಒಂದೇ ಬಟ್ಟಲಲ್ಲಿ ಟೀ ಕುಡಿಯುತ್ತಾರೆ.

ಸಂಜೆ ಕ್ಲೈವ್ ಬಂದು ತಗ್ಗಿನ ದಾರಿಯಲ್ಲಿ ಮೇಲಿಂದ ಕೆಳಗೆ ಎರಡು ಸಲ ನಡೆಯುತ್ತಾರೆ. ಹೂವೆಂದರೆ ಕರಗಿಹೋಗುವ ಮನುಷ್ಯ, ಬೇಲಿ ಅವರಿಗೂ ಇಷ್ಟವಿಲ್ಲ. "ಏನ್ರೀ ರೋಸ್ಲಿನ್, ಅಂಚು ಒಂದು ಚೂರೂ ಕದಲಿಲ್ವಲ್ರೀ! ಇವತ್ತು ಜನ ಕಮ್ಮಿ ಬಂದಿದ್ರಾ?" ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ರೋಸ್ಲಿನ್ ಕಣ್ಣಲ್ಲೇ ಗದರಿಸುತ್ತಾರೆ. "ಬಂದಿದ್ರು. ಒಳ್ಳೇ ಜನ," ಎಂದಷ್ಟೇ ಹೇಳುತ್ತಾರೆ. ಈ ವರ್ಷ ಬೇಲಿ ಇಲ್ಲ.

ಹೊರಡುವ ಮುಂಚೆ, ನಿಮಗೆ ಏನಾದರೂ ಬೇಕೇ ಎಂದು ಕೇಳಿದೆ. ಒಂದು ಗಾಡಿ ಜಲ್ಲಿ ಕೇಳಬಹುದು, ಸಂಬಳ ಹೆಚ್ಚಿಸಲು ಬರೆಯಿರಿ ಎನ್ನಬಹುದು ಎಂದುಕೊಂಡಿದ್ದೆ.

"ಒಂದು ಜೊತೆ ಗಮ್‌ಬೂಟು ಬೇಕು ಕಣ್ರೀ, ಬೆರಿಲ್ ಅಳತೇದು. ವ್ಯಾನ್ ಹತ್ತೋವಾಗ ಕೇಳಿದ್ಲು. ಕುರ್ಚಿ ಮೇಲೆ ಕೂರೋಳಿಗೆ ಬೂಟ್ಯಾಕೇ ಅಂದೆ," ಎಂದು ರೋಸ್ಲಿನ್ ಸಲಿಕೆಯ ಮಣ್ಣು ಕೆರೆಯುತ್ತಾರೆ. "ಯಾಕೆ, ನಾನೂ ಕೆಸರಲ್ಲೇ ನೇರ ಬಂದೋಳಲ್ವಾ ಅಂದ್ಲು."