ಬಂಗಲೆಯ ಯಜಮಾನಿ

ಕಳೆದ ಭಾನುವಾರ ನಮ್ಮ ಆಯಿ ಒಂದು ಬಂಗಲೆಯ ಯಜಮಾನಿಯಾಗಿಬಿಟ್ಟಳು. ರಿಜಿಸ್ಟ್ರೇಶನ್ ಇಲ್ಲ, ಗೃಹಪ್ರವೇಶ ಇಲ್ಲ. ಜಗಲಿಯ ಬೆಂಚಿನ ಮೇಲೆ ಹೋಗಿ ಕೂತಳು, ಮನೆ ಅವಳದಾಯಿತು.

ನಗಬೇಡಿ. ಪೂರ್ತಿ ಕೇಳಿ.

ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಎರಡು ವರ್ಷದಿಂದ ಮರೆವಿನ ಕಾಯಿಲೆ. ಅಂಕೋಲಾದಲ್ಲಿ ಅಣ್ಣ-ಅತ್ತಿಗೆಯ ಜೊತೆ ಇದ್ದಾಳೆ. ಕಾರವಾರದಿಂದ ನಾನು ಹೋದಾಗ ಕೆಲವು ದಿನ ಹೆಸರು ಹಿಡಿದು ಕರೆಯುತ್ತಾಳೆ, ಕೆಲವು ದಿನ "ಟೀಚರ್ ಬಂದ್ರು" ಅನ್ನುತ್ತಾಳೆ. (ನಾನು ಟೀಚರ್ ಅಲ್ಲ. ತಾನಾಗಿ ಬಂದ ಗೌರವವನ್ನು ಯಾರಾದರೂ ಬೇಡ ಅನ್ನುತ್ತಾರೆಯೇ?) ಅತ್ತಿಗೆಯ ಗುರುತು ಗಟ್ಟಿಯಾಗಿದೆ. ಪೂರ್ತಿ ಮರೆತದ್ದು ಅಣ್ಣನನ್ನು.

ಬೆಳಿಗ್ಗೆ ಮಾತ್ರೆ ಕೊಡುವವನು ಅವನು. ಸ್ನಾನದ ನೀರು ಹದ ಮಾಡುವವನು ಅವನು. ಆದರೆ ಆಯಿಯ ತಲೆಯಲ್ಲಿ ಮಗನೆಂದರೆ ಹೈಸ್ಕೂಲಿಗೆ ಹೋಗುವ ಹುಡುಗ. ಈ ನರೆತ ಮೀಸೆಯ ಗಂಡಸು ಅದು ಹೇಗೆ ಮಗನಾದಾನು? ಅಣ್ಣ ಈ ವಿಷಯ ಮಾತಾಡುವುದಿಲ್ಲ. ಕೆದಕಿದರೆ "ಕಾಯಿಲೆ ಅಲ್ದಾ" ಅನ್ನುತ್ತಾನೆ, ಎದ್ದು ಸ್ಕೂಟರ್ ಒರೆಸಲು ಹೋಗುತ್ತಾನೆ.

ಅರ್ಗಾ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಗುಡ್ಡ ಹತ್ತಿದರೆ ಬ್ರಿಟಿಷರ ಕಾಲದ ಒಂದು ಬಂಗಲೆ. ಪಾಳು ಬಿದ್ದದ್ದನ್ನು ಈಗ ರಿಪೇರಿ ಮಾಡಿ, ಸುತ್ತ ಹೂತೋಟ ಬೆಳೆಸಿ, ಟಿಕೆಟ್ ಇಟ್ಟು ಜನರಿಗೆ ತೆರೆದಿದ್ದಾರೆ. ಎಲ್ಲರೂ ಸೇರಿ ಒಂದು ದಿನ ಹೋಗೋಣ ಎಂದು ಹಟ ಹಿಡಿದವಳು ನಾನು.

"ಎಂತಕ್ಕೆ ಬೇಕು? ಅಷ್ಟು ಜನರ ನಡುವೆ ಆಯಿ ಎಲ್ಲಾದ್ರೂ ಹೋದ್ರೆ? ಯಾರಿಗಾದ್ರೂ ಎಂತಾದ್ರೂ ಅಂದ್ರೆ?" ಅಂದ ಅಣ್ಣ.

"ಅಂದ್ರೆ ಕೇಳಿಸ್ಕೊಳ್ತಾರೆ," ಅಂದಳು ಅತ್ತಿಗೆ. ಪಾಪ, ಅವಳೂ ಮನೆಯಿಂದ ಹೊರಗೆ ಕಾಲಿಟ್ಟು ಎಷ್ಟು ದಿನವಾಗಿತ್ತೋ!

ಬನ್ಸ್ ಕಟ್ಟಿಕೊಂಡು, ಫ್ಲಾಸ್ಕಿಗೆ ಚಾ ಹಾಕಿಕೊಂಡು ಅಣ್ಣನ ಕಾರಿನಲ್ಲಿ ಹೊರಟೆವು. ಬಂಗಲೆಯೊಳಗೆ ದೊರೆಯ ಮಂಚ, ದೊರೆಯ ಮೇಜು, ಎಲ್ಲದರ ಮೇಲೂ "ಮುಟ್ಟಬೇಡಿ" ಬೋರ್ಡು. ಆಯಿಗೆ ಕಾಲು ನೋವು ಬಂತು. ಜಗಲಿಯಲ್ಲಿ ಅತ್ತಿಗೆಯ ಜೊತೆ ಅವಳನ್ನು ಕೂರಿಸಿ ನಾನೂ ಅಣ್ಣನೂ ತೋಟಕ್ಕೆ ಇಳಿದೆವು. ಅತ್ತಿಗೆ ನೀರಿನ ಬಾಟ್ಲಿ ತುಂಬಿಸಲು ಎದ್ದು ಹೋದದ್ದೇ ತಡ, ಆಯಿ ಕೆಲಸ ಶುರು ಮಾಡಿದಳು.

"ಬರ್ರಿ ಬರ್ರಿ, ಚಪ್ಲಿ ಅಲ್ಲೇ ಬಿಡಿ. ಬಿಸ್ಲು ಅಂದ್ರೆ ಬಿಸ್ಲು! ಆಸ್ರಿಗೆ ಎಂತ ಬೇಕು, ನೀರಾ, ಚಾವಾ?"

ಮೊದಲು ಬಂದ ಕುಟುಂಬ ಗಲಿಬಿಲಿಯಾಗಿ ಚಪ್ಪಲಿ ಬಿಟ್ಟಿತು. ಅದನ್ನು ನೋಡಿ ಹಿಂದೆ ಬಂದವರೂ ಬಿಟ್ಟರು. ನಾವು ತಿರುಗಿ ನೋಡುವ ಹೊತ್ತಿಗೆ ಮೆಟ್ಟಿಲ ಕೆಳಗೆ ಮದುವೆಮನೆಯ ಹಾಗೆ ಚಪ್ಪಲಿ ಸಾಲು!

ಅಣ್ಣ ಓಡಿದ. "ಆಯಿ, ಏಳು. ಇದು ನಮ್ಮನೆ ಅಲ್ಲ."

"ನಿಮ್ದಲ್ಲ, ಗೊತ್ತು ನಂಗೆ," ಅಂದಳು ಆಯಿ. "ಆದ್ರೂ ಕೂತ್ಕೊಳ್ಳಿ, ಅಡ್ಡಿಲ್ಲ."

ಸುತ್ತಲಿದ್ದವರು ನಕ್ಕರು. ಕೆಟ್ಟ ನಗುವಲ್ಲ. ಆದರೂ ಅಣ್ಣನ ಮುಖ ಸಣ್ಣದಾಯಿತು. ಹೋಗಿ ಕಂಬದ ಹಿಂದೆ ನಿಂತ.

ಕಾವಲುಗಾರ ಬಂದ. ಚಪ್ಪಲಿ ನೋಡಿದ, ಆಯಿಯನ್ನು ನೋಡಿದ. ನಾನು ಮೆಲ್ಲಗೆ ವಿಷಯ ಹೇಳಿದೆ. "ಇರ್ಲಿ ಬಿಡ್ರಾ, ಒಂದು ದಿನ ಆದ್ರೂ ನೆಲ ಸ್ವಚ್ಛ ಇರ್ತದೆ," ಎಂದು ಹೊರಟುಹೋದ.

ಆಮೇಲೆ ಬಂದವಳು ನಾಗವೇಣಿ. ಹಾರವಾಡದವಳು, ಗಂಡ-ಮಕ್ಕಳ ಜೊತೆ ಬಂದಿದ್ದಳು. ಎಲ್ಲರೂ ನಕ್ಕು ಒಳಗೆ ಹೋದರೆ ಇವಳು ಆಯಿಯ ಪಕ್ಕ ಕೂತೇಬಿಟ್ಟಳು. ಆಯಿ ನಮ್ಮ ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟಳು. ಎದುರಿನ ಗುಲ್‌ಮೊಹರ್ ತೋರಿಸಿ, "ಆ ಇಶಾಡ ಮಾವು ನಮ್ಮ ಮಾವನವ್ರು ನೆಟ್ಟಿದ್ದು" ಅಂದಳು.

"ಹೌದಾ ಅಮ್ಮಾ? ಎಷ್ಟು ಚೊಲೊ ಬೆಳ್ದಿದೆ ಅಲ್ದಾ!"

ಇಬ್ಬರೂ ಬಂಗಡೆಯ ರೇಟು, ಸೊಸೆಯಂದಿರ ಗುಣ, ಮೊಣಕಾಲ ಎಣ್ಣೆ ಎಲ್ಲ ಮಾತಾಡಿದರು. ಆಯಿ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ತಿಂಗಳಾಗಿತ್ತು.

ಸಂಜೆ ಬೆಲ್ ಹೊಡೆಯಿತು. ಬಂಗಲೆ ಮುಚ್ಚುವ ಹೊತ್ತು. ಆಯಿ ಏಳಲಿಲ್ಲ.

"ಮನೆ ಬಿಟ್ಟು ಎಲ್ಲಿ ಹೋಗೂದು? ದೀಪ ಹಚ್ಚೂ ಹೊತ್ತು."

ನಾನು ಹೇಳಿದೆ. ಅತ್ತಿಗೆ ಹೇಳಿದಳು. ಅಣ್ಣ ತೋಳು ಹಿಡಿದು ಎಬ್ಬಿಸಲು ನೋಡಿದ. ಆಯಿ ಬೆಂಚಿನ ಕೈ ಗಟ್ಟಿಯಾಗಿ ಹಿಡಿದುಕೊಂಡು ಅಳಲು ಶುರು ಮಾಡಿದಳು. "ನನ್ನ ಮನೆಯಿಂದ ನನ್ನೇ ಹೊರಗೆ ಹಾಕ್ತ್ರಾ? ಯಾರು ನೀವು?"

ಅಣ್ಣ ಕೈ ಬಿಟ್ಟ. ಆ ಹೊತ್ತು ಅವನ ಮುಖ ನೋಡುವುದು ನನ್ನಿಂದಾಗಲಿಲ್ಲ.

ಗೇಟಿನ ತನಕ ಹೋಗಿದ್ದ ನಾಗವೇಣಿ ತಿರುಗಿ ಬಂದಳು. ಆಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಅಮ್ಮಾ, ನಿಮ್ಮನೆಗೆ ನಾವು ಬಂದಾಯ್ತು, ಚಾ ಕುಡ್ದಾಯ್ತು. ನಮ್ಮನೆಗೆ ನೀವು ಬರೂದಿಲ್ವಾ?" ಅಂದಳು.

ಆಯಿ ಕಣ್ಣೊರೆಸಿಕೊಂಡಳು. ಕರೆದವರ ಮನೆಗೆ ಹೋಗದೇ ಇರುವುದುಂಟೇ? ಸೆರಗು ಸರಿ ಮಾಡಿಕೊಂಡು ಎದ್ದಳು. ಕಾವಲುಗಾರನಿಗೆ, "ಬಾಗ್ಲು ಹಾಕ್ಕೊ, ನಾ ಬರೂದು ತಡ ಆಗ್ತದೆ" ಅಂದಳು.

"ಆಯ್ತು ಅಮ್ಮಾ, ನಿಧಾನ ಬರ್ರಿ" ಅಂದ ಅವನು.

ಹಾರವಾಡ ಅಂಕೋಲಾದ ದಾರಿಯಲ್ಲೇ ಅಲ್ಲವೇ? ನಿಜವಾಗಿಯೂ ಹೋದೆವು. ನಾಗವೇಣಿ ಮುರುಗಲ ಪಾನಕ ಕೊಟ್ಟಳು, ಆಯಿಗೆ ಕುಂಕುಮ ಇಟ್ಟು ಕಳಿಸಿದಳು. ನಾವು ದಿನವಿಡೀ ಆಯಿಯನ್ನು ತಿದ್ದುತ್ತಿರುತ್ತೇವೆ. ಇವತ್ತು ಸೋಮವಾರ ಅಲ್ಲ, ಇದು ಮಾವಿನ ಮರ ಅಲ್ಲ, ಇವನು ಯಾರೋ ಅಲ್ಲ, ನಿನ್ನ ಮಗ. ನಾಗವೇಣಿ ಒಮ್ಮೆಯೂ ತಿದ್ದಲಿಲ್ಲ. ಸುಳ್ಳು ಹೇಳಿದಳು ಅನ್ನುತ್ತೀರಾ? ಅನ್ನಿ. ನನಗೇನೋ ಆ ಸುಳ್ಳಿನ ಮೇಲೆ ಕೋಪ ಬರಲಿಲ್ಲ.

ಮತ್ತೆ ಕಾರು ಹತ್ತಿದೆವು. ಅಣ್ಣ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಆಯಿ ನನ್ನ ಕಿವಿಯ ಹತ್ತಿರ ಬಗ್ಗಿ (ಅವಳ ಗುಟ್ಟು ಇಡೀ ಕಾರಿಗೆ ಕೇಳುತ್ತದೆ), "ಆ ಡ್ರೈವರಿಗೆ ಎಂತಾದ್ರೂ ಕೊಡೇ. ಬೆಳಿಗ್ಗೆಯಿಂದ ನೋಡ್ತೆ, ಒಂದು ತುತ್ತು ತಿಂದಿಲ್ಲ ಅವ" ಅಂದಳು.

ಹೌದಲ್ಲ! ನಾವೆಲ್ಲ ಬನ್ಸ್ ತಿಂದಾಗ ಅವನು ಆಯಿಯನ್ನು ಕಾಯುತ್ತ ಕಂಬದ ಹಿಂದೆಯೇ ನಿಂತಿದ್ದ. ನಾಗವೇಣಿಯ ಮನೆಯಲ್ಲೂ ಕಾರಿನಿಂದ ಇಳಿದಿರಲಿಲ್ಲ.

ಅಣ್ಣ ಕಾರನ್ನು ಪಕ್ಕಕ್ಕೆ ಹಾಕಿದ. ಅತ್ತಿಗೆ ಡಬ್ಬಿ ಬಿಚ್ಚಿದಳು. ಆಯಿ ಎರಡು ಬನ್ಸ್ ಎತ್ತಿ, ಸೀಟಿನ ನಡುವಿನಿಂದ ಕೈ ಚಾಚಿ ಅವನ ಕೈಗೇ ಇಟ್ಟಳು. "ನಾಚ್ಕೆ ಮಾಡ್ಬೇಡಿ, ತಿನ್ನಿ."

"ತಿಂತೆ ಆಯಿ," ಅಂದ ಅಣ್ಣ. ತಿಂದ. ಸ್ಟೀರಿಂಗಿನ ಮೇಲೆ ತಲೆ ಬಗ್ಗಿಸಿಕೊಂಡು, ನಿಧಾನವಾಗಿ, ಪೂರ್ತಿ ತಿಂದ.

ಅವನ ಹೆಸರೇ ಗೊತ್ತಿಲ್ಲದವಳಿಗೆ ಅವನ ಹಸಿವು ಗೊತ್ತಾಯಿತು. ಹೆಸರು ಗೊತ್ತಿದ್ದ ನಾವು ಏನು ಮಾಡುತ್ತಿದ್ದೆವು?