ಮುಚ್ಚಳವಿಲ್ಲದ ಚೀಲಗಳು

ಮೊನ್ನೆ ಜಯನಗರದ ಔಷಧಿ ಅಂಗಡಿಯಲ್ಲಿ ಯಾರದೋ ಕೈಜಾರಿ ನೀಲಗಿರಿ ಎಣ್ಣೆಯ ಸೀಸೆ ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ನಿಂತಲ್ಲೇ ನಿಂತೆ. ಅದು ನಮ್ಮ ಮೇಡಂ ಸೆರಗಿನ ವಾಸನೆ…

ಪ್ರೌಢಶಾಲೆಯಲ್ಲಿ ನನಗೆ ಜೀವಶಾಸ್ತ್ರ ಕಲಿಸಿದ್ದ ಅವರು, ನಿವೃತ್ತಿಯ ನಂತರ ಯಡಿಯೂರಿನ ಒಂದು ಅನ್ನದಾನ ಸಮಿತಿಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಕಟ್ಟಡ ಕೆಲಸಗಾರರ ಮಕ್ಕಳು ಮಧ್ಯಾಹ್ನ ಅಲ್ಲಿ ಉಣ್ಣುತ್ತಿದ್ದರು. ಉಗ್ರಾಣಕ್ಕೂ ಊಟದ ಕೋಣೆಗೂ ನಡುವೆ ಇದ್ದದ್ದು ಒಂದು ತೆಳು ಬಾಗಿಲು. ಅಕ್ಕಿಗೆ ಹುಳ ಬೀಳದಿರಲೆಂದು ಸಮಿತಿಯವರು ವಿಷಾನಿಲ ಬಿಡುವ ಮಾತ್ರೆಗಳನ್ನು ಇಡಿಸುತ್ತಿದ್ದರು. ಅವನ್ನು ಅಲ್ಲಿಂದ ಹೊರಹಾಕಬೇಕೆಂಬುದೇ ಮೇಡಂ ಅವರ ಹಟವಾಗಿತ್ತು.

ಅದಕ್ಕಾಗಿ ಅವರು ಬಿಗಿ ಮುಚ್ಚಳದ ಡ್ರಮ್ಮುಗಳನ್ನು ತರಿಸಿದರು. ಅಕ್ಕಿ ತುಂಬಿ, ನೀಲಗಿರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಗಂಟನ್ನು ಮುಚ್ಚಳದ ಕೆಳಗೆ ತೂಗುಹಾಕಿದರು. ಒಳಗೆ ತುಂಬಿಕೊಂಡ ಆವಿಯೇ ಹುಳವನ್ನು ಕೊಲ್ಲುತ್ತಿತ್ತು. ಅಡುಗೆಗೆ ಮುನ್ನ ಅಕ್ಕಿಯನ್ನು ಗಾಳಿಗೆ ಹರವಿದರೆ ವಾಸನೆ ಹೋಗುತ್ತಿತ್ತು. ಒಂದು ಮಳೆಗಾಲ ಪೂರ್ತಿ ಹುಳ ಕಾಣಲಿಲ್ಲ. ಮಾತ್ರೆಗಳು ಹೊರಗೆ ಹೋದವು.

ಆಮೇಲೆ ದಾನಿಗಳು ಗೊಣಗತೊಡಗಿದರು. ಅವರು ಕೊಡುವ ಅಕ್ಕಿಚೀಲಗಳ ಮೇಲೆ ತೀರಿಕೊಂಡ ಹಿರಿಯರ ಹೆಸರು ಅಚ್ಚಾಗಿರುತ್ತಿತ್ತು. "ಡ್ರಮ್ಮಿಗೆ ಸುರಿದ್ಬಿಟ್ರೆ ನಮ್ಮಪ್ಪನ ಹೆಸರು ಯಾರಿಗ್ರೀ ಕಾಣ್ಸುತ್ತೆ?" ಎಂದು ಒಬ್ಬರು ಎಲ್ಲರೆದುರೇ ಕೇಳಿದರು. ಮುಂದಿನ ಸಲ ಬಂದ ಅಕ್ಕಿಯನ್ನು ಸಮಿತಿಯ ಅಧ್ಯಕ್ಷರು ಡ್ರಮ್ಮಿಗೆ ಸುರಿಯಗೊಡಲಿಲ್ಲ. ಹೆಸರು ಕಾಣುವಂತೆ ಚೀಲಗಳನ್ನು ಗೋಡೆಗೆ ಪೇರಿಸಿದರು. ಎಣ್ಣೆಯ ಗಂಟುಗಳನ್ನು ಅವುಗಳ ಸಂದಿಯಲ್ಲಿ ಸಿಕ್ಕಿಸಿದರೆ ಸಾಕೆಂದರು. ಸಾಲದೆಂದು ಮೇಡಂ ಎಚ್ಚರಿಸಿದಾಗ, ಉಗ್ರಾಣದಲ್ಲಿ ಅವರಿಗೆ ಕೈಜೋಡಿಸುತ್ತಿದ್ದ ನಾನು ಪಕ್ಕದಲ್ಲೇ ಇದ್ದೆ.

ಹುಳ ಬಿತ್ತು.

"ಏನ್ ಮೇಡಂ, ಹುಳಕ್ಕೆ ನೆಗಡಿ ಆಗಿತ್ತಾ? ನಿಮ್ಮೆಣ್ಣೆ ವಾಸನೆನೇ ಹತ್ತಿಲ್ವಲ್ಲ!" ಎಂದರು ಅಧ್ಯಕ್ಷರು, ದಾನಿಗಳ ಸಭೆಯಲ್ಲಿ. ಎಲ್ಲರೂ ನಕ್ಕರು.

"ಚೀಲಕ್ಕೆ ಮುಚ್ಚಳ ಎಲ್ಲಿದೆ, ತೋರ್ಸಿ ಸಾರ್," ಎಂದರು ಮೇಡಂ.

ನಕ್ಕವರು ಅವರ ಉತ್ತರವನ್ನು ಕೇಳಿಸಿಕೊಳ್ಳಲಿಲ್ಲ. ಮೇಡಂ ಅವರ ಪ್ರಯೋಗದಿಂದ ದಾನದ ಅಕ್ಕಿ ಹಾಳಾಯಿತೆಂದು ಮೈಕಿನಲ್ಲಿ ಸಾರಲಾಯಿತು. ಮಾತ್ರೆಗಳು ಮರಳಿದವು, ಉಗ್ರಾಣದ ಕೀಲಿಯನ್ನು ಮೇಡಂ ಕೈಯಿಂದ ಕಿತ್ತುಕೊಂಡರು. ಅಂದು ಮನೆಗೆ ನಡೆಯುತ್ತಾ ಅವರು ಹೇಳಿದ್ದು ಇಷ್ಟೇ: "ನನ್ನ ಏನ್ ಬೇಕಾದ್ರೂ ಅಂದ್ಕೊಳ್ಲಿ ಕಣೇ. ಆ ಬಾಗಿಲ ಪಕ್ಕ ಮಕ್ಕಳು ಕೂತ್ಕೋತವೆ…"

ಹೋದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಅಧ್ಯಕ್ಷರು ಅದೇ ಮೈಕಿನಲ್ಲಿ ಅವರ ನಿಸ್ವಾರ್ಥ ಸೇವೆಯನ್ನು ಕೊಂಡಾಡಿದರು. ನಾನು ಎದ್ದು ನಿಂತು, "ತಪ್ಪು ಮೇಡಂದಲ್ಲ, ನಮ್ದು ಅಂತ ಇಲ್ಲೇ ಹೇಳಿ ಸಾರ್," ಎಂದೆ.

"ಹೋದೋರ ಫೋಟೋ ಮುಂದೆ ಯಾಕಮ್ಮ ಹಳೇದೆಲ್ಲ?" ಎಂದು ಅವರು ಮೈಕು ಆರಿಸಿದರು.

ಯಾಕೆಂದರೆ ಅದು ಹಳೆಯದಾಗಿಲ್ಲ. ಅವರ ವಿಧಾನ ಸೋಲಲಿಲ್ಲ, ಅದನ್ನು ಸೋಲಿಸಲಾಯಿತು. ಸೋಲಿಸಿದವರು ಇಂದಿಗೂ ಅದೇ ಕುರ್ಚಿಗಳಲ್ಲಿದ್ದಾರೆ. ಅದರ ಬೆಲೆಯನ್ನು ಪ್ರತಿ ಮಧ್ಯಾಹ್ನ ಉಸಿರಾಡುವವರು ಮಾತ್ರ ಮಕ್ಕಳು.

ಔಷಧಿ ಅಂಗಡಿಯಿಂದ ನೇರ ಯಡಿಯೂರಿಗೆ ಹೋದೆ. ತೆಳು ಬಾಗಿಲು ಹಾಗೆಯೇ ಇತ್ತು. ಗೋಡೆಗೆ ಪೇರಿಸಿದ ಚೀಲಗಳ ಮೇಲೆ ಹೊಸ ಹೆಸರುಗಳಿದ್ದವು. ಮೇಡಂ ಹೆಸರು ಎಲ್ಲಿಯೂ ಇರಲಿಲ್ಲ. ಅವರ ಡ್ರಮ್ಮುಗಳು ಕೈತೊಳೆಯುವ ಜಾಗದಲ್ಲಿದ್ದವು, ಎಂಜಲೆಲೆ ತುಂಬಿಕೊಂಡು. ಒಂದರ ಮುಚ್ಚಳ ತೆಗೆಯಹೋದೆ. ಅಲ್ಲಿದ್ದ ಹೆಂಗಸು ತಡೆದರು.

"ಬಿಗಿಯಾಗಿ ಮುಚ್ಚಿರ್ಬೇಕಂತೆ ಅಕ್ಕ. ಇಲ್ದಿದ್ರೆ ವಾಸ್ನೆ ಆಚೆ ಬಂದ್ಬಿಡುತ್ತೆ ಅಂತ ಅಧ್ಯಕ್ಷರೇ ಹೇಳಿದಾರೆ."