ಹೊಳೆಯ ಈಚೆ ಉಳಿದ ಕಾರು

ಅಪ್ಪನ ಕಾರು ಕಪ್ಪು ಬಣ್ಣದ್ದು. ಘಟ್ಟದ ಮೇಲಿನ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಮಾರಿದ್ದು. ಉಬ್ಬಿದ ಮಡ್‌ಗಾರ್ಡು, ಕಾಲಿಟ್ಟು ಹತ್ತಲು ಅಗಲದ ಫುಟ್‌ಬೋರ್ಡು, ತಿರುಗುವ ಮೊದಲು ದಿಕ್ಕು ತೋರಿಸಲು ಬಾಗಿಲ ಪಕ್ಕದಿಂದ ಹೊರಗೆ ಚಾಚಿಕೊಳ್ಳುವ ಪುಟ್ಟ ಕೆಂಪು ಕೈ. ಆ ಕೈ ನೋಡಲೆಂದೇ ನಮ್ಮೂರು ಇಚಿಲಂಪಾಡಿಯ ಮಕ್ಕಳು ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದರು. ತಿರುವೇ ಇಲ್ಲದ ಕಡೆಯಲ್ಲೂ ಅಪ್ಪ ಅದನ್ನು ಚಾಚಿ ತೋರಿಸುತ್ತಿದ್ದರು. ಜಂಬಕ್ಕೇನೂ ಕಡಿಮೆ ಇರಲಿಲ್ಲ. ನಮಗೆ ಜ್ವರ ಬಂದರೆ ಅಮ್ಮನ ಕಷಾಯವೇ ಸಾಕು, ಕಾರಿಗೆ ಕೆಮ್ಮು ಬಂದರೆ ಮಾತ್ರ ಪುತ್ತೂರಿನಿಂದ ಮೆಕ್ಯಾನಿಕ್ ಬರಬೇಕು.

ಆಗ ನಮ್ಮ ಹೊಳೆಗೆ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಮರಳಿನ ಮೇಲೆ ತೆಂಗಿನ ಮಡಲು ಹಾಸಿ ಕಾರು ದಾಟಿಸುತ್ತಿದ್ದರು. ಮಳೆ ಹಿಡಿಯಿತೆಂದರೆ ಮನುಷ್ಯರಿಗೆ ದೋಣಿಯೇ ಗತಿ, ಕಾರಿಗೆ ಅದೂ ಇಲ್ಲ. ಹಾಗಾಗಿ ಮಳೆಗೆ ಮುಂಚೆ ಭೂತಕೋಲ, ಯಕ್ಷಗಾನದ ಆಟಗಳೆಲ್ಲ ಮುಗಿಯುವ ಪತ್ತನಾಜೆಯ ಹೊತ್ತಿಗೆ ಕಾರು ಆಚೆ ದಡ ಸೇರಬೇಕು. ಅಲ್ಲಿ ಪರಿಚಯದವರೊಬ್ಬರ ಕೊಟ್ಟಿಗೆಯಲ್ಲಿ ಮಳೆಗಾಲವಿಡೀ ನಿಲ್ಲುತ್ತಿತ್ತು. ನಾವು ದೋಣಿಯಲ್ಲಿ ದಾಟಿ, ಕಾರು ಹತ್ತಿ ಪುತ್ತೂರಿಗೆ ಹೋಗುತ್ತಿದ್ದೆವು.

ಒಂದು ಮಳೆಗಾಲ ಆ ಕೊಟ್ಟಿಗೆಯಲ್ಲಿ ಇಲಿಗಳು ಸೀಟು ತೋಡಿ ಮರಿ ಹಾಕಿದವು. ಅಪ್ಪ ಮಂಗಳೂರಿಗೆ ಹೋಗಿ ಹೊಸ ಚರ್ಮ ಹೊಲಿಸಿದರು, ಬಣ್ಣ ಹೊಡೆಸಿದರು. ಮರುವರ್ಷ ಪತ್ತನಾಜೆ ಬಂದರೂ ಕಾರು ನಮ್ಮ ಅಂಗಳ ಬಿಟ್ಟು ಕದಲಲಿಲ್ಲ. ಚೊಚ್ಚಲ ಹೆರಿಗೆಗೆಂದು ಅಕ್ಕ ಮನೆಗೆ ಬಂದಿದ್ದಳು.

"ಕಾರು ಆಚೆ ದಡದಲ್ಲಿ ಇರ್ಲಿ. ಬಸುರಿ ಹುಡುಗಿ ಮನೆಯಲ್ಲಿ ಇದ್ದಾಳೆ" ಎಂದಳು ಅಮ್ಮ.

"ಬೇಕಾದ್ರೆ ಕಡಬದಿಂದ ಆಚೆ ದಡಕ್ಕೆ ಬಾಡಿಗೆ ಕಾರು ಬರ್ತದೆ. ಇದಕ್ಕೆ ಪುನಃ ಇಲಿ ಹೊಕ್ಕರೆ ಎಂತ ಮಾಡುದು?" ಎಂದರು ಅಪ್ಪ.

ಅಮ್ಮ ಮತ್ತೆ ಬಾಯಿ ತೆರೆಯಲಿಲ್ಲ. ತೆರೆಯಬೇಕಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಪಾಪ, ಅವಳ ಮೇಲೇಕೆ ಸಿಟ್ಟು ಎಂದು ಆಮೇಲೆ ಅನಿಸುತ್ತದೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಅಕ್ಕನಿಗೆ ರಕ್ತ ಹೋಗತೊಡಗಿತು. ದಿನ ತುಂಬಿರಲಿಲ್ಲ. ಸೂಲಗಿತ್ತಿ ನೋಡಿ, "ಇದು ನನ್ನ ಕೈಯಲ್ಲಿ ಆಗುದಲ್ಲ, ಪುತ್ತೂರಿಗೆ ಕರ್ಕೊಂಡು ಹೋಗಿ" ಎಂದಳು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದ್ದರೂ ದೋಣಿಯವನು ಹಿಂಜರಿಯಲಿಲ್ಲ. ಹೊಳೆ ದಾಟುವುದೇ ಕಷ್ಟ ಎಂದುಕೊಂಡಿದ್ದೆವು. ದಾಟಿದೆವು. ಆಚೆ ದಡದಲ್ಲಿ ಕಾರಿರಲಿಲ್ಲ. ಕಡಬಕ್ಕೆ ಓಡಿದ ಆಳು, ಅಲ್ಲಿನ ಒಂದೇ ಬಾಡಿಗೆ ಕಾರು ಸುಬ್ರಹ್ಮಣ್ಯಕ್ಕೆ ಹೋಗಿದೆ ಎಂಬ ಸುದ್ದಿ ತಂದ. ವಾಪಸು ಬಂದ ಕೂಡಲೇ ಕಳಿಸಲು ಹೇಳಿ ಬಂದಿದ್ದನಂತೆ. ಅಕ್ಕನನ್ನು ಅದೇ ಕೊಟ್ಟಿಗೆಯಲ್ಲಿ, ಕಾರು ನಿಲ್ಲುತ್ತಿದ್ದ ಜಾಗದಲ್ಲೇ ಚಾಪೆ ಹಾಸಿ ಮಲಗಿಸಿದ್ದೆವು. ಮಧ್ಯಾಹ್ನವಾಗುತ್ತಿದ್ದಂತೆ ಅವಳು ಕಣ್ಣು ಬಿಟ್ಟು, "ಅಪ್ಪ, ಕಾರು ಬಂತಾ?" ಎಂದು ಕೇಳಿದಳು.

"ಈಗ ಬರ್ತದೆ ಮಗಾ" ಎಂದರು ಅಪ್ಪ.

ಬರಲಿಲ್ಲ. ಅಕ್ಕನೂ ಹೋದಳು, ಹೊಟ್ಟೆಯಲ್ಲಿದ್ದ ಮಗುವೂ ಹೋಯಿತು.

ಮರುವರ್ಷ ಪತ್ತನಾಜೆಗೆ ಎಷ್ಟೋ ಮೊದಲೇ ಅಪ್ಪ ಕಾರನ್ನು ಆಚೆ ದಾಟಿಸಿದರು. ಆಮೇಲೆ ಪ್ರತಿವರ್ಷವೂ ಹಾಗೆಯೇ. ಇಲಿ ಕಡಿದ ಸೀಟಿಗೆ ಗೋಣಿ ಹಾಸಿದರು, ಬಣ್ಣ ಎದ್ದು ಹೋದರೂ ತಿರುಗಿ ನೋಡಲಿಲ್ಲ. ಊರಲ್ಲಿ ಯಾರಿಗೆ ಸೌಖ್ಯವಿಲ್ಲ ಎಂದರೂ ಕರೆಯುವ ಮೊದಲೇ ಹೊರಟು ನಿಲ್ಲುತ್ತಿದ್ದರು. ಎಷ್ಟೋ ಬಸುರಿಯರು ಆ ಕಾರಿನಲ್ಲಿ ಹೋಗಿ ಮಗು ಎತ್ತಿಕೊಂಡು ಬಂದರು. ಊರವರು ಅಪ್ಪನನ್ನು ದೇವರಂಥ ಮನುಷ್ಯ ಎಂದರು. ಅಮ್ಮ ಮಾತ್ರ ಆ ಕಾರು ಹತ್ತಲಿಲ್ಲ. ಪುತ್ತೂರಿಗೆ ಹೋಗಬೇಕಾದರೆ ಆಮೇಲೆ ಶುರುವಾದ ಬಸ್ಸಿಗೆ ಕಾದು ನಿಲ್ಲುತ್ತಿದ್ದಳು.

ಕೆಲವು ವರ್ಷಗಳ ಮೇಲೆ ನನಗೆ ಹೆರಿಗೆ ನೋವು ಬಂದದ್ದೂ ಮಳೆಗಾಲದಲ್ಲಿಯೇ. ದೋಣಿ ಇಳಿಯುವಾಗ ಕಾರು ಸಿದ್ಧವಾಗಿತ್ತು. ಅಮ್ಮ ನನ್ನ ಜೊತೆ ಹಿಂದಿನ ಸೀಟಿಗೆ ಹತ್ತಿದಳು. ಅಪ್ಪ ಹೊಂಡ ತಪ್ಪಿಸುತ್ತ, ಮತ್ತೆ ಮತ್ತೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತ, "ಹೇಗುಂಟು? ನೋವು ಜೋರುಂಟಾ?" ಎಂದು ಕೇಳುತ್ತಲೇ ಇದ್ದರು. ಪ್ರತಿ ಸಲ ನನ್ನನ್ನು ಕರೆದದ್ದು ಅಕ್ಕನ ಹೆಸರು ಹಿಡಿದು. ಅಮ್ಮ ನನ್ನ ಕೈ ಅದುಮಿದಳು. ಆಸ್ಪತ್ರೆ ಬರುವ ತನಕ ನಾನು ಆ ಹೆಸರಿಗೇ ಓಗೊಡುತ್ತಾ ಇದ್ದೆ.